ಸಿಂಚನಳ ಶಾಟ್ ತಿದ್ದಲು ಹೋಗಿ

ಸ್ಟಾಫ್ ರೂಮಿನಲ್ಲಿ ಬೇಡದ ಕಾಗದ ಕೈಗೆ ಸಿಕ್ಕರೆ ನಾನು ಎದ್ದುಹೋಗಿ ಬುಟ್ಟಿಗೆ ಹಾಕುವವನಲ್ಲ. ಕೂತಲ್ಲೇ ಉಂಡೆ ಕಟ್ಟಿ ಎಸೆಯುತ್ತೇನೆ. ಎಸೆದಾದ ಮೇಲೂ ನನ್ನ ಬಲಗೈ ಕೆಳಗಿಳಿಯುವುದಿಲ್ಲ. ಮೊಣಕೈ ನೆಟ್ಟಗಾಗಿ, ಮಣಿಕಟ್ಟು ಮುಂದಕ್ಕೆ ಬಾಗಿ, ಐದೂ ಬೆರಳು ನೆಲ ನೋಡುತ್ತಾ ಒಂದೆರಡು ಕ್ಷಣ ಗಾಳಿಯಲ್ಲೇ ನಿಂತುಬಿಡುತ್ತದೆ. ಎದುರು ಕೂರುವ ಗಣಿತದ ಮೇಡಮ್ಮು, "ಆಶೀರ್ವಾದ ಮುಗೀತಾ ಸಾರ್?" ಅಂತ ಕೇಳುತ್ತಾರೆ. ಕಾಗದ ಸಾಮಾನ್ಯವಾಗಿ ಬುಟ್ಟಿಯ ಪಕ್ಕದಲ್ಲಿ ಬಿದ್ದಿರುತ್ತದೆ. ಆದರೆ ಕೈಯ ಭಂಗಿಯಲ್ಲಿ ಮಾತ್ರ ಒಂದು ಕೂದಲೆಳೆಯಷ್ಟೂ ಲೋಪ ಇರುವುದಿಲ್ಲ. ಹೋದ ವಾರ ಹಾಗೆ ಎತ್ತಿದ ಕೈಯನ್ನು ನಾನೇ ನೋಡುತ್ತಾ ಕೂತೆ. ಈ ಕೈಯ ಹೆಮ್ಮೆಯಿಂದ ಒಬ್ಬ ಹುಡುಗಿಗೂ ಅವಳ ತಾಯಿಗೂ ಆದದ್ದು ನೆನಪಾಯಿತು. ಮೇಡಮ್ಮು ನಗುತ್ತಿದ್ದರು, ನನಗೆ ನಗು ಬರಲಿಲ್ಲ.

ನಾನು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರು. ಹುಟ್ಟಿ ಬೆಳೆದದ್ದು ಹೊಳೆನರಸೀಪುರ. ಬ್ಯಾಸ್ಕೆಟ್‌ಬಾಲ್ ಕಲಿತದ್ದು ಹಾಸನದಲ್ಲಿ, ನಂಜಪ್ಪ ಸಾರ್ ಎನ್ನುವ ಕೋಚ್ ಹತ್ತಿರ. 'ಕಲಿತದ್ದು' ಅಂದೆನಲ್ಲ, ಮೊದಲ ಮೂರು ತಿಂಗಳು ಅವರು ನಮ್ಮ ಕೈಗೆ ಚೆಂಡನ್ನೇ ಕೊಡಲಿಲ್ಲ. ಹನ್ನೆರಡು ಜನ ಹುಡುಗರು ಸಾಲಾಗಿ ನಿಂತು ಬರಿಗೈಯಲ್ಲಿ ಬರೀ ಗಾಳಿಯನ್ನು ಎಸೆಯಬೇಕು. ಎಸೆದ ಮೇಲೆ ಕೈ ಕೊಡೆಯ ಹಿಡಿಕೆಯ ಹಾಗೆ ಬಾಗಿ ಮೇಲೆಯೇ ಇರಬೇಕು. "ಕೈ ಕೊಡೆ ಹಿಡಿ ಆಗ್ಬೇಕು ಕಣ್ರೋ, ಕೊಡೆ ಹಿಡಿ!" ಅಂತ ಅವರು ಸಾಲಿನ ಈ ತುದಿಯಿಂದ ಆ ತುದಿಗೆ ಕೂಗುತ್ತಾ ನಡೆಯುತ್ತಿದ್ದರು. ಮೈದಾನದ ಆಚೆ ರಸ್ತೆಯಲ್ಲಿ ಹೋಗುವವರು ಇವರಿಗೇನಾಯಿತೋ ಅಂತ ನಿಂತು ನೋಡುತ್ತಿದ್ದರು.

ಇಷ್ಟೆಲ್ಲ ಆಗಿ ನಾನು ದೊಡ್ಡ ಆಟಗಾರನಾದೆನೇ ಅಂದರೆ, ಇಲ್ಲ. ಕಾಲೇಜು ತಂಡದಲ್ಲಿ ಬೆಂಚಿನ ತುದಿಯಲ್ಲಿ ಕೂತು ಬೇರೆಯವರ ಟವೆಲ್ ಕಾದವನು. ಆದರೆ ತಂಡದ ಫೋಟೋ ತೆಗೆಯುವಾಗ ಶಾಟ್ ಹೊಡೆಯುವ ಭಂಗಿಗೆ ನನ್ನನ್ನೇ ನಿಲ್ಲಿಸುತ್ತಿದ್ದರು. ಆ ಫೋಟೋ ಈಗಲೂ ನಮ್ಮ ಮನೆ ನಡುಮನೆಯಲ್ಲಿದೆ. ಬಂದವರು ನೋಡಿ, "ಓಹೋ, ಭಾರೀ ಆಡ್ತಿದ್ರಿ ಅನ್ಸುತ್ತೆ" ಅನ್ನುತ್ತಾರೆ. ನಾನು ಇಲ್ಲ ಅನ್ನುವುದಿಲ್ಲ.

ತಿದ್ದುವುದು ಅಂದರೇನು ಅಂತ ನನಗೆ ಅದಕ್ಕೂ ಮುಂಚೆಯೇ ಗೊತ್ತಾಗಬೇಕಿತ್ತು. ನಮ್ಮ ಕಡೆ ಹಕಾರ ನಾಲಗೆಗೆ ಹತ್ತುವುದಿಲ್ಲ, ನಿಮಗೂ ಗೊತ್ತು. ನಾನು ಐದನೇ ಕ್ಲಾಸಿನಲ್ಲಿ ಹಾಸನಕ್ಕೆ 'ಆಸ್ನ' ಅನ್ನುತ್ತಿದ್ದೆ, ಹಾಲಿಗೆ 'ಆಲು'. ಕನ್ನಡ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಒಂದು ತಿಂಗಳು "ಹಾಲು, ಹಣ್ಣು, ಹಾಸನ" ಹೇಳಿಸಿದರು. ನಾಲಗೆ ಹೆದರಿಬಿಟ್ಟಿತು. ಎಲ್ಲಿ ಹ ಇದೆ, ಎಲ್ಲಿ ಇಲ್ಲ ಅನ್ನುವ ಲೆಕ್ಕ ತಪ್ಪಿ, ಯಾವುದಕ್ಕೂ ಇರಲಿ ಅಂತ ಎಲ್ಲದಕ್ಕೂ ಹ ಹಚ್ಚತೊಡಗಿತು. ಇನ್‌ಸ್ಪೆಕ್ಟರ್ ಬಂದ ದಿನ ನನ್ನನ್ನೇ ಎಬ್ಬಿಸಿ ಓದಿಸಿದರು. ನಾನು ಎದೆಯುಬ್ಬಿಸಿ, "ಹರಸನು ಹರಮನೆಯಲ್ಲಿ ಹೂಟ ಮಾಡಿದನು" ಅಂತ ಓದಿದೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮನೆಗೆ ಹೋಗಿ ಅಪ್ಪನನ್ನು 'ಹಪ್ಪ' ಅಂದಾಗ ಅವರೂ ನಕ್ಕರು. ನಾನು ಮಾತ್ರ ಅವತ್ತಿನಿಂದ ನಾಲ್ಕು ಜನರ ಮುಂದೆ ಬಾಯಿ ಬಿಡುವ ಮುಂಚೆ ಒಂದು ಸಲ ಉಗುಳು ನುಂಗುತ್ತೇನೆ. ಇದನ್ನು ಅನುಭವಿಸಿಯೂ ನನಗೆ ಬುದ್ಧಿ ಬರಲಿಲ್ಲ ಅಂತ ಹೇಳಲಿಕ್ಕೇ ಇಷ್ಟು ದೂರ ಸುತ್ತಿ ಬಂದೆ.

ಸಿಂಚನ ಎಂಟನೇ ಕ್ಲಾಸಿಗೆ ನಮ್ಮ ಶಾಲೆಗೆ ಸೇರಿದಳು. ನುಗ್ಗೇಹಳ್ಳಿ ಕಡೆಯ ಒಂದು ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಸಣಕಲು ಮೈ, ಎರಡು ಜಡೆ, ಮಾತು ಕಡಿಮೆ. ಸಂಜೆ ಬಸ್ಸು ಬರುವವರೆಗೆ ಕೋರ್ಟಿನ ಪಕ್ಕದ ಹೊಂಗೆ ಮರದ ಕೆಳಗೆ ಕೂತು ನಮ್ಮ ಹುಡುಗಿಯರ ಆಟ ನೋಡುತ್ತಿದ್ದಳು. ಒಂದು ದಿನ ಚೆಂಡು ಉರುಳಿಕೊಂಡು ಅವಳ ಹತ್ತಿರ ಹೋಯಿತು. ಎಡಗೈಯಲ್ಲಿ ಊಟದ ಬ್ಯಾಗು. ಬಲಗೈಯಿಂದ ಚೆಂಡನ್ನು ಬಾಚಿ ಸೊಂಟಕ್ಕೆ ಒತ್ತಿಕೊಂಡು ಎದ್ದಳು. ರಿಂಗಿಗೆ ಎಡಭುಜ ಕೊಟ್ಟು ಅಡ್ಡಲಾಗಿ ನಿಂತು, ಸೊಂಟದಿಂದಲೇ ಮೇಲಕ್ಕೆ ತೂರಿದಳು. ಚೆಂಡು ಬೋರ್ಡಿಗಿಂತ ಎತ್ತರಕ್ಕೆ ಹೋಗಿ, ಮೇಲಿಂದ ನೆಟ್ಟಗೆ ಬಂದು, ರಿಂಗಿನ ಕಬ್ಬಿಣಕ್ಕೆ ಸೋಕದೆ ಇಳಿಯಿತು.

"ಲೇ, ಇನ್ನೊಂದ್ಸಲ ಎಸಿಯಮ್ಮ," ಅಂದೆ.

ಅವಳು ತಪ್ಪು ಮಾಡಿದವಳ ಹಾಗೆ ನನ್ನ ಮುಖ ನೋಡಿ ಎಸೆದಳು. ಬಿತ್ತು. ಬ್ಯಾಗು ಕೆಳಗಿಡಿಸಿ ಹತ್ತು ಸಲ ಎಸೆಯಿಸಿದೆ. ಏಳು ಬಿತ್ತು. ನಮ್ಮ ತಂಡದ ಕ್ಯಾಪ್ಟನ್ ಹುಡುಗಿ ಬಾಯಿ ತೆರೆದುಕೊಂಡು ನಿಂತಿದ್ದಳು. ಅವಳಿಗೆ ಹತ್ತಕ್ಕೆ ನಾಲ್ಕು ಬಿದ್ದರೆ ನಾವು ಚಪ್ಪಾಳೆ ಹೊಡೆಯುತ್ತಿದ್ದೆವು.

ತಂಡಕ್ಕೆ ಸೇರಿಸಲು ತಾಯಿಯ ಒಪ್ಪಿಗೆ ಬೇಕಿತ್ತು. ತಂದೆ ಲಾರಿ ಓಡಿಸುವವರು, ಮನೆಗೆ ಬರುವುದೇ ವಾರಕ್ಕೊಮ್ಮೆ. ಒಂದು ಭಾನುವಾರ ಅವರ ಊರಿಗೆ ಹೋದೆ. ಮನೆಯ ಪಕ್ಕದ ಕೊಬ್ಬರಿ ಶೆಡ್ಡಿನಿಂದ ಧಪ್ ಧಪ್ ಅಂತ ಸದ್ದು ಬರುತ್ತಿತ್ತು. ನಮ್ಮ ಕಡೆ ಕೊಬ್ಬರಿಗೆ ಬಿಡುವ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಆ ಅಟ್ಟದ ಬಾಯಲ್ಲಿ ಹಲಗೆಯ ಮೇಲೆ ಸಿಂಚನಳ ತಾಯಿ ಜಯಮ್ಮ ಕೂತಿದ್ದರು. ಕೆಳಗೆ ರಾಶಿಯ ಪಕ್ಕ ಸಿಂಚನ. ಬಗ್ಗುವುದು, ಕಾಯಿ ಬಾಚುವುದು, ಸೊಂಟದಿಂದ ತೂರುವುದು. ಜಯಮ್ಮ ಆ ಕಡೆ ಮುಖ ಮಾಡಿ ಕಾಯಿ ಜೋಡಿಸುತ್ತಲೇ ಈ ಕಡೆ ಒಂದು ಕೈ ಚಾಚುತ್ತಿದ್ದರು. ಕಾಯಿ ಬಂದು ಆ ಕೈಯಲ್ಲಿ ಕೂರುತ್ತಿತ್ತು.

"ಬನ್ನಿ ಸಾ, ಒಸಿ ನಿಂತ್ಕಳಿ. ಇನ್ನೊಂದಿಪ್ಪತ್ ಕಾಯವೆ," ಅಂತ ಮೇಲಿಂದ ದನಿ ಬಂತು.

ಒಂದು ಕಾಯಿ ಗುರಿ ತಪ್ಪಿದರೆ ಅದು ಎಸೆದವಳ ತಲೆಯ ಮೇಲೇ ಬರಬೇಕು. ಸಿಪ್ಪೆ ಸಮೇತದ ಕಾಯಿ, ತೂಕ ಗೊತ್ತಲ್ಲ. "ನೋಡ್ದೆ ಹಿಡೀತೀರಲ್ಲ ಜಯಮ್ಮೋರೆ, ಭಯ ಆಗಲ್ವಾ?" ಅಂದೆ.

"ನೋಡೋದೇನೈತೆ ಸಾ? ಕೈ ಚಾಚುದ್ರೆ ಅಲ್ಲೇ ಬಂದಿರ್ತದೆ. ನಾಕ್ ವರ್ಸದಿಂದ ಎಸೀತಾವ್ಳೆ, ಒಂದ್ ಕಾಯೂ ಕೆಳೀಕ್ ಬಿದ್ದಿಲ್ಲ," ಅಂದರು. ಆಟದ ಮಾತೆತ್ತಿದಾಗ ಮೊದಲು ಬೇಡ ಅಂದರು. "ಇವ್ಳು ಆಟುಕ್ ಬಂದ್ರೆ ಕಾಯಿ ಎಸ್ಯೋರ್ಯಾರು?" ಭಾನುವಾರ ಆಟವಿಲ್ಲ, ಸಂಜೆ ಆರರ ಒಳಗೆ ಬಸ್ಸು ಹತ್ತಿಸುವುದು ನನ್ನ ಜವಾಬ್ದಾರಿ ಅಂತ ಮಾತು ಕೊಟ್ಟ ಮೇಲೆ ಒಪ್ಪಿದರು.

ಅಲ್ಲಿಂದ ಎರಡು ತಿಂಗಳು ನಮ್ಮ ತಂಡ ಹಾರಾಡಿತು. ಸುತ್ತಮುತ್ತಲ ಶಾಲೆಗಳ ಮೇಲೆ ಗೆದ್ದೆವು. ತಾಲ್ಲೂಕಿನಲ್ಲೂ ಗೆದ್ದೆವು. ಮುಂದೆ ಜಿಲ್ಲಾ ಮಟ್ಟ. ಅದಕ್ಕೆ ತಯಾರಿ ಇರಲಿ ಅಂತ ಹಾಸನದ ಒಂದು ಶಾಲೆಯ ತಂಡದ ಜೊತೆ ಸ್ನೇಹದ ಪಂದ್ಯ ಇಟ್ಟುಕೊಂಡೆವು. ಅಲ್ಲೇ ಎಡವಟ್ಟಾದದ್ದು.

ಅವರ ತಂಡದಲ್ಲಿ ಕನ್ನಡಕ ಹಾಕಿದ ಒಬ್ಬ ಎತ್ತರದ ಹುಡುಗಿ ಇದ್ದಳು. ಸಿಂಚನ ಚೆಂಡನ್ನು ಎದೆಯ ಹತ್ತಿರ ಹಿಡಿದು, ಅದನ್ನು ಸೊಂಟಕ್ಕೆ ಇಳಿಸಿ, ತಿರುಗಿ, ಎಸೆಯುವಷ್ಟರಲ್ಲಿ ಈ ಹುಡುಗಿ ಬಂದು ಮೇಲಿಂದ ತಟ್ಟಿಹಾಕುತ್ತಿದ್ದಳು. ಒಂದು ಸಲ, ಎರಡು ಸಲ, ಐದು ಸಲ. ಕೂತಿದ್ದವರು ನಗತೊಡಗಿದರು. ಪಂದ್ಯ ಮುಗಿದ ಮೇಲೆ ಅವರ ಕೋಚ್, ನನಗಿಂತ ಹದಿನೈದು ವರ್ಷ ಚಿಕ್ಕವರು, ಟೀ ಕುಡಿಯುತ್ತಾ ಕೇಳಿದರು: "ಏನ್ ಸಾರ್ ಅದು, ಕಸ ಆಚೆ ಎಸೆಯೋ ಹಂಗೆ ಎಸೀತಾಳಲ್ಲ ಆ ಹುಡ್ಗಿ? ನೀವು ನಂಜಪ್ಪ ಸಾರ್ ಶಿಷ್ಯರಂತೆ?"

ಅರ್ಧ ಟೀ ಅಲ್ಲೇ ಬಿಟ್ಟು ಎದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ತೀರ್ಮಾನ ಮಾಡಿದೆ, ಇವಳ ಶಾಟ್ ತಿದ್ದಬೇಕು. ಅವಳ ಒಳ್ಳೆಯದಕ್ಕೇ ಅಂತ ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸುಳ್ಳಿಲ್ಲ. ಆದರೆ ಮುಕ್ಕಾಲು ಪಾಲು ಆ ಟೀ ಹೊತ್ತಿನ ಮಾತೇ ಇತ್ತು.

ಮಾರನೇ ದಿನದಿಂದ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಕಾಲು ಸಮ, ಮುಖ ಎದುರು, ಚೆಂಡು ಹಣೆಯ ಮೇಲೆ, ಮೊಣಕೈ ಚೆಂಡಿನ ಕೆಳಗೆ. ಕರಿಹಲಗೆಯ ಉದ್ದದ ಸ್ಕೇಲು ತಂದು ಅವಳ ಪಕ್ಕ ಹಿಡಿದು ನಿಲ್ಲುತ್ತಿದ್ದೆ. ಮೊಣಕೈ ಹೊರಗೆ ಬಂದರೆ ಸ್ಕೇಲಿಗೆ ತಗಲಬೇಕು. "ಕೊಡೆ ಹಿಡಿ, ಕೊಡೆ ಹಿಡಿ" ಅಂತ ನನ್ನ ಬಾಯಿಂದ ಬರುತ್ತಿದ್ದದ್ದು ನಂಜಪ್ಪ ಸಾರ್ ದನಿಯೇ. ಹಳೆಯ ರೀತಿ ಎಸೆದರೆ ಕೋರ್ಟಿನ ಸುತ್ತ ಒಂದು ಸುತ್ತು ಓಟ ಅಂದೆ. ಅವಳು ಒಂದು ಮಾತು ಎದುರಾಡಲಿಲ್ಲ. ಹತ್ತಕ್ಕೆ ಏಳು ಹಾಕುತ್ತಿದ್ದವಳು ಎರಡಕ್ಕೆ ಇಳಿದಳು. ಮೂರು ವಾರ ಕಳೆದರೂ ಎರಡೇ. ಆಟದಲ್ಲಿ ಚೆಂಡು ಕೈಗೆ ಬಂದರೆ ಕೆಂಡ ಹಿಡಿದವಳ ಹಾಗೆ ಪಕ್ಕದವಳಿಗೆ ಕೊಟ್ಟುಬಿಡುತ್ತಿದ್ದಳು. ಹೊಂಗೆ ಮರದ ಕೆಳಗೆ ಕೂತಿದ್ದಾಗಿನಷ್ಟೂ ಮಾತಿಲ್ಲ.

ಕ್ಯಾಪ್ಟನ್ ಹುಡುಗಿ ಒಂದು ಸಂಜೆ ಧೈರ್ಯ ಮಾಡಿ, "ಸಾ, ಅವಳ ಪಾಡಿಗೆ ಬಿಟ್ಬಿಡಿ ಸಾ. ಡಿಸ್ಟ್ರಿಕ್ಟಿಗೆ ಇನ್ನೊಂದೂವರೆ ತಿಂಗ್ಳಷ್ಟೇ ಇರೋದು," ಅಂದಳು.

"ಮೊದ್ಲು ಕೆಡತ್ತೆ, ಆಮೇಲೆ ಸರಿಹೋಗತ್ತೆ. ನೀನು ನಿನ್ನ ಆಟ ನೋಡ್ಕೋ," ಅಂತ ಗದರಿಸಿ ಕಳಿಸಿದೆ. ಒಳಗೆ ಮಾತ್ರ ನನಗೂ ಅಳುಕು ಶುರುವಾಗಿತ್ತು. ಈಗ ಬಿಟ್ಟರೆ ಹಳೆಯದೂ ಇಲ್ಲ ಹೊಸದೂ ಇಲ್ಲ ಅನ್ನುವ ಭಯಕ್ಕೇ ಇನ್ನಷ್ಟು ಬಿಗಿ ಹಿಡಿದೆ.

ಆ ವಾರವೇ ಸಿಂಚನ ಬಸ್ಸಿಗೆ ಹೊರಟವಳು ತಿರುಗಿ ಬಂದು ಕೇಳಿದಳು, "ಸಾ, ಮನೇಲಿ ಕಾಯಿ ಎಸ್ಯುವಾಗ?"

ಅದು ನಾನು ಒಂದು ಕ್ಷಣ ಯೋಚಿಸಬೇಕಿದ್ದ ಪ್ರಶ್ನೆ. ನಾನು ಯೋಚಿಸಲಿಲ್ಲ. ಮುಖ್ಯ ಮೇಷ್ಟ್ರು ಕರೆದಿದ್ದರು, ಆಫೀಸಿಗೆ ಹೊರಟಿದ್ದೆ. ನಡೆಯುತ್ತಲೇ ಹೇಳಿದೆ, "ಎಲ್ಲಿ ಎಸೆದ್ರೂ ಹಿಂಗೇ ಎಸಿ. ಅಭ್ಯಾಸ ಅಂದ್ರೆ ಅದೇ."

ಸೋಮವಾರ ಅವಳು ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಅವಳ ಊರಿನ ಇನ್ನೊಬ್ಬ ಹುಡುಗಿಯನ್ನು ವಿಚಾರಿಸಿದೆ. "ಅವರವ್ವ ಅಟ್ಟದಿಂದ ಬಿದ್ದವ್ರೆ ಸಾ. ಇಲ್ಲೇ ಪಟ್ನದ್ ಆಸ್ಪತ್ರೇಲವ್ರೆ," ಅಂದಳು.

ಎಲ್ಲಿ ಎಸೆದ್ರೂ ಹಿಂಗೇ ಎಸಿ. ನನ್ನ ಮಾತು ನನ್ನ ಕಿವಿಯಲ್ಲೇ ಮತ್ತೆ ಕೇಳಿಸಿತು. ಆಸ್ಪತ್ರೆ ಶಾಲೆಯಿಂದ ನಡೆದರೆ ಹತ್ತು ನಿಮಿಷ. ಅವತ್ತು ಆ ರಸ್ತೆ ಮುಗಿಯಲೇ ಇಲ್ಲ. ಎಷ್ಟು ಪೆಟ್ಟಾಗಿದೆ, ತಲೆಗೆ ಬಿದ್ದಿದೆಯೋ, ಸೊಂಟಕ್ಕೋ, ಏನನ್ನೂ ಆ ಹುಡುಗಿಯನ್ನು ಕೇಳಿರಲಿಲ್ಲ.

ಜಯಮ್ಮ ಮಂಚದ ಮೇಲೆ ಎದ್ದು ಕೂತಿದ್ದರು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಹಣೆಯ ಮೇಲೆ ಹೊಲಿಗೆ. ಸಿಂಚನ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

"ಬನ್ನಿ ಸಾ," ಅಂದರು ಜಯಮ್ಮ. ಆಮೇಲೆ ನಾನು ಕೇಳದೆಯೇ ಹೇಳಿದರು. "ಅಣೆ ಮ್ಯಾಲಿಂದ ಎಸುದ್ಲು, ನೀವ್ ಯೋಳ್ಕೊಟ್ಟಂಗೆ. ಮೊದುಲ್ನೇದು ಬಂತು. ಎಲ್ಡ್ನೇದೂ ಬಂತು. ನಾನು ಯಾವಾಗ್ಲಿನಂಗೆ ಅತ್ಲಾಗ್ ಮಕ ಮಾಡ್ಕಂಡ್ ಕೈ ಚಾಚ್ದೆ. ಮೂರ್ನೇದು ಪಕ್ಕುಕ್ಕೋಯ್ತು. ಮ್ಯಾಲಿಂದ ಬಂದು ಇವ್ಳ ತಲೆ ಮ್ಯಾಲೆ ಬಿದ್ದಾತು ಅಂತ ಇಡ್ಯಾಕ್ ಬಗ್ಗುದೆ. ಕೂತಿದ್ ಅಲ್ಗೆ ಜಾರ್ತು."

ನಾನು ಉಗುಳು ನುಂಗಿದೆ. "ತಪ್ಪು ನಂದು ಜಯಮ್ಮೋರೆ," ಅಂದೆ.

ಅಯ್ಯೋ ಬಿಡಿ ಸಾ, ನಿಮ್ಮದೇನು ತಪ್ಪು ಅನ್ನುತ್ತಾರೆ ಅಂತ ನನ್ನ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವರು ಹಾಗನ್ನಲಿಲ್ಲ.

"ತೆಪ್ಪು ನಿಮ್ದೇ ಕಣಿ. ಅಲ್ಲ ಅಂತ ನಾನ್ಯಾಕನ್ಲಿ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ನೀವ್ ಕಲ್ಸಿದ್ ವಿದ್ಯೆ ನಮ್ಮಟ್ಟ ಅತ್ನಿಲ್ಲ ಸಾ."

ಸಿಂಚನ ಆಗ ಬಾಯಿ ಬಿಟ್ಟಳು. ನನ್ನನ್ನು ನೋಡದೆ, ನೆಲಕ್ಕೆ ಹೇಳಿದ ಹಾಗೆ. "ಇನ್ನ ನಾನು ಎಸ್ಯಾಕಿಲ್ಲ ಸಾ. ಯಾವ್ ತರಾನೂ."

ಎರಡು ದಿನ ಬಿಟ್ಟು ನಾನು ಹಾಸನಕ್ಕೆ ಹೋದೆ. ನಂಜಪ್ಪ ಸಾರ್ ಸಾಲಗಾಮೆ ರಸ್ತೆಯ ಕಡೆ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಪೂರ್ತಿ ಕೇಳಿಸಿಕೊಂಡು, "ನೀನು ಬಂದಿರೋದು ಬೈಸ್ಕೊಳ್ಳೋಕೋ, ಕೇಳೋಕೋ?" ಅಂದರು.

"ಎರಡಕ್ಕೂ ಸಾರ್. ನೀವು ನಮಗೆಲ್ಲ ಒಂದೇ ಶಾಟ್ ಕಲಿಸಿದ್ರಿ. ಅದೇ ಸರಿ ಅಂತ ನಾನು..."

"ಒಂದೇ ಯಾಕೆ ಕಲಿಸ್ದೆ ಗೊತ್ತೇನೋ?" ಅವರು ಲೋಟ ಕೆಳಗಿಟ್ಟರು. "ನಂಗೆ ಗೊತ್ತಿದ್ದಿದ್ದೇ ಒಂದು. ಟ್ರೈನಿಂಗಲ್ಲಿ ಒಂದು ಹಾಳೆ ಕೊಟ್ಟಿದ್ರು, ಆರು ಚಿತ್ರ ಇತ್ತು. ಅದನ್ನ ನೋಡ್ಕೊಂಡು ಮೂವತ್ತು ವರ್ಷ ತಳ್ಳಿದೆ. ತಪ್ಪೇನಲ್ಲ ಅದು. ಏನೂ ಬರದೇ ಇರೋ ಹುಡುಗ್ರಿಗೆ ಏನಾದ್ರೂ ಒಂದು ಬೇಕಲ್ಲ. ಆದ್ರೆ ಬರೋ ಹುಡುಗಿಗೆ?"

ಮೂವತ್ತು ವರ್ಷ ನಡುಮನೆಯಲ್ಲಿ ತೂಗುಹಾಕಿಕೊಂಡ ಕೈ ನನ್ನದು.

"ಹಾಗಂತ ಏನೂ ತಿದ್ದಬೇಡ ಅಂತಲ್ಲ," ಅಂದರು ಅವರೇ. "ಐದು ಸಲ ತಟ್ಟಾಕಿದ್ರು ಅಂದ್ಯಲ್ಲ. ಅವಳು ಹೆಂಗೆ ನಿಂತಿದ್ಲು? ಚೆಂಡು ಅವಳಿಗೆ ಎಲ್ಲಿ ಸಿಕ್ತಿತ್ತು?"

"ಎದೆ ಹತ್ರ ಸಾರ್. ಅಲ್ಲಿಂದ ಸೊಂಟಕ್ಕೆ ಇಳಿಸ್ಕೊಂಡು..."

"ಇಳಿಸೋ ಹೊತ್ತಿಗೆ ಆ ಉದ್ದದ ಹುಡುಗಿ ಬಂದ್ಬಿಡ್ತಿದ್ಲು. ಹೌದು ತಾನೆ? ಎದೆಗೆ ಕೊಡ್ತಿದ್ದೋರು ಯಾರು? ಉಳಿದ ನಾಲ್ಕು ಜನ. ಅವರಿಗೆ ಹೇಳ್ಕೊಡು, ಚೆಂಡನ್ನ ಇವಳ ಸೊಂಟಕ್ಕೇ ಕೊಡಿ ಅಂತ. ಅಡ್ಡ ನಿಂತ್ಕೋತಾಳೆ ಅಂದ್ಯಲ್ಲ, ಅವಳ ಮೈಯೇ ಗೋಡೆ ಆಯ್ತಲ್ಲೋ. ಆ ಕಡೆಯಿಂದ ಚೆಂಡು ಎದುರಿನವಳಿಗೆ ಎಟಕೋದು ಹೆಂಗೆ?"

ಇಷ್ಟು ಸರಳ. ನಾನು ಮೂರ್ನಾಲ್ಕು ವಾರ ಒಬ್ಬಳ ಮೊಣಕೈ ನೋಡುತ್ತಾ ಸ್ಕೇಲು ಹಿಡಿದು ನಿಂತಿದ್ದೆ. ಉಳಿದ ನಾಲ್ವರ ಕಡೆ ಒಂದು ಸಲ ತಿರುಗಿ ನೋಡಿರಲಿಲ್ಲ.

ಉಪಾಯವೇನೋ ಸಿಕ್ಕಿತು, ಹುಡುಗಿ ಇಲ್ಲ. ಸಿಂಚನ ಶಾಲೆಗೆ ಬರುತ್ತಿದ್ದಳು, ಕೋರ್ಟಿನ ಕಡೆ ಬರುತ್ತಿರಲಿಲ್ಲ. ತಾಯಿಯ ಕೈ ಆಡದ್ದರಿಂದ ಬೆಳಿಗ್ಗೆ ಸಂಜೆ ಹಸುವಿನ ಹಾಲು ಕರೆಯುವುದು ಅವಳ ಪಾಲಿಗೆ ಬಂದಿತ್ತು. ಆಟಕ್ಕೆ ಬಾ ಅಂತ ನಾನು ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ? ಉಳಿದವರಿಗೆ ಕೆಳಗಿನ ಪಾಸ್ ಹೇಳಿಕೊಡುತ್ತಾ ಇದ್ದೆ, ಅದನ್ನು ಹಿಡಿಯುವವಳ ಜಾಗ ಖಾಲಿ ಬಿಟ್ಟು.

ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಜಯಮ್ಮ ಶಾಲೆಯ ಗೇಟಿನಲ್ಲಿ ಕಾಣಿಸಿದರು. ಪ್ಲಾಸ್ಟರ್ ಹಾಕಿದ ಕೈಯನ್ನು ಸೀರೆ ಸೆರಗಿನಲ್ಲಿ ತೂಗುಬಿಟ್ಟಿದ್ದರು. ಕ್ಲಾಸಿನಿಂದ ಮಗಳನ್ನು ಕರೆಸಿ, ಎಡಗೈಯಲ್ಲಿ ಅವಳ ರಟ್ಟೆ ಹಿಡಿದು ಕೋರ್ಟಿಗೇ ಎಳೆದುಕೊಂಡು ಬಂದರು.

"ಮೇಷ್ಟ್ರೇ, ಕಾಯಿ ಅಂಗೇ ರಾಶಿ ಬಿದ್ದವೆ. ಎಡಗೈಲಿಡೀತೀನಿ ಎಸಿ ಅಂದ್ರೂ ಇವ್ಳು ಮುಟ್ತಿಲ್ಲ. ನೀವ್ ಕೆಡ್ಸಿದ್ದು, ನೀವೇ ಸರಿ ಮಾಡಿ. ಮೊದ್ಲು ಚೆಂಡ್ ಮುಟ್ಸಿ. ಚೆಂಡ್ ಬಿದ್ರೆ ಯಾರ್ ಕೈಯೂ ಮುರ್ಯಾಕಿಲ್ಲ."

ನಾನು ಚೆಂಡು ಕೊಟ್ಟೆ. "ನಿನಗೆ ಹೆಂಗೆ ಬೇಕೋ ಹಂಗೆ," ಅಂದೆ. ಸಿಂಚನ ತುಂಬ ಹೊತ್ತು ಹಿಡಿದುಕೊಂಡೇ ನಿಂತಳು. ಅಡ್ಡ ತಿರುಗಿದಳು, ಸೊಂಟಕ್ಕೆ ಇಳಿಸಿದಳು, ಎಸೆದಳು. ಬೋರ್ಡಿನ ಅಂಚಿಗೆ ಬಡಿದು ಆಚೆ ಹೋಯಿತು. ಇನ್ನೊಂದು, ರಿಂಗಿಗೂ ತಗಲಲಿಲ್ಲ. ಮತ್ತೊಂದು, ಮತ್ತೊಂದು. ಹೊಸದು ಹತ್ತಿರಲಿಲ್ಲ, ಹಳೆಯದೂ ಬಿಟ್ಟುಹೋಗಿತ್ತು. ಪ್ರತಿ ಎಸೆತದ ಮುಂಚೆಯೂ ಅವಳ ಕಣ್ಣು ಒಂದು ಸಲ ನನ್ನ ಕಡೆ ಬಂದು ಹೋಗುತ್ತಿತ್ತು.

ಆಗ ಗೊತ್ತಾಯಿತು, ನಾನು ಅಲ್ಲಿ ನಿಂತಿರಬಾರದು. "ನೀರು ಕುಡಿದು ಬರ್ತೀನಿ" ಅಂತ ಹೇಳಿ ಶಾಲೆಯ ಕಟ್ಟಡದ ಹಿಂದೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅಲ್ಲಿಂದ ಏನೂ ಕಾಣುವುದಿಲ್ಲ, ಸದ್ದು ಮಾತ್ರ. ನಮ್ಮ ರಿಂಗಿಗೆ ಬಲೆ ಇಲ್ಲ. ಬೋರ್ಡಿಗೆ ಬಡಿದರೆ ಧಡ್, ಕಬ್ಬಿಣಕ್ಕೆ ಬಡಿದರೆ ಠಣ್, ಸರಿಯಾಗಿ ಬಿದ್ದರೆ ಸದ್ದೇ ಇಲ್ಲ. ಒಂದು ಕ್ಷಣ ಬಿಟ್ಟು ಸಿಮೆಂಟಿನ ಮೇಲೆ ಚೆಂಡು ಪುಟಿಯುವ ಸದ್ದು ಮಾತ್ರ. ಧಡ್. ಠಣ್. ಧಡ್. ಊಟದ ಬಿಡುವು ಮುಗಿಯುವ ಗಂಟೆ ಎಲ್ಲಿ ಹೊಡೆದುಬಿಡುತ್ತಾರೋ ಅಂತ ಗಡಿಯಾರ ನೋಡಿಕೊಂಡೆ. ಠಣ್. ಠಣ್. ಆಮೇಲೆ ಒಂದು ಸಲ ಏನೂ ಕೇಳಿಸಲಿಲ್ಲ. ಚೆಂಡು ಪುಟಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಮತ್ತೊಂದು ಸಲ ಏನೂ ಕೇಳಿಸಲಿಲ್ಲ.

"ಅಂಗೇ ಕಣೇ, ಅಂಗೇ!" ಅಂತ ಜಯಮ್ಮ ಕೂಗಿದರು.

ಜಿಲ್ಲಾ ಪಂದ್ಯ ಹಾಸನದಲ್ಲಿ ನಡೆಯಿತು. ಕೈ ಇನ್ನೂ ಸರಿಹೋಗದಿದ್ದರೂ ಜಯಮ್ಮನೂ ನಮ್ಮ ಜೊತೆ ಬಂದಿದ್ದರು. ಬೆಳಿಗ್ಗೆ ಅರಕಲಗೂಡಿನವರ ಮೇಲೆ ಸುಲಭವಾಗಿ ಗೆದ್ದೆವು. ಮಧ್ಯಾಹ್ನ ಹೊಳೆನರಸೀಪುರದವರ ಮೇಲೆ ಕಷ್ಟಪಟ್ಟು ಗೆದ್ದೆವು. ನನ್ನ ಹುಟ್ಟೂರಿನವರೇ ಸೋತದ್ದಕ್ಕೆ ಸಂಕಟಪಡುವಷ್ಟು ಪುರಸೊತ್ತೂ ಇರಲಿಲ್ಲ. ಕೊನೆಗೆ ಎದುರಾದದ್ದು ಅದೇ ಹಾಸನದ ತಂಡ, ಅದೇ ಕನ್ನಡಕದ ಹುಡುಗಿ.

ನಮ್ಮ ಹುಡುಗಿಯರು ಚೆಂಡನ್ನು ಕೆಳಗೇ ಕೊಟ್ಟರು. ಸಿಂಚನ ಅಡ್ಡ ನಿಂತು ತೆಗೆದುಕೊಂಡಳು. ಕನ್ನಡಕದ ಹುಡುಗಿ ಮೊದಲ ಸಲ ತಟ್ಟ ಹೋದಾಗ ಅವಳ ಕೈಗೆ ಸಿಕ್ಕಿದ್ದು ಬರೀ ಗಾಳಿ. ಅವರ ಕೋಚ್ ಎದ್ದು ನಿಂತರು. ಆದರೆ ಅವರೂ ಸುಮ್ಮನೆ ಬಿಡುವವರಲ್ಲ. ಇಬ್ಬರನ್ನು ಅವಳ ಮೇಲೆ ಬಿಟ್ಟರು. ಆಟ ಒಮ್ಮೆ ಅವರ ಕಡೆ, ಒಮ್ಮೆ ನಮ್ಮ ಕಡೆ ವಾಲುತ್ತಾ ಕೊನೆಯ ನಿಮಿಷಕ್ಕೆ ಬಂತು. ನಾವು ಒಂದು ಪಾಯಿಂಟ್ ಹಿಂದೆ. ಕೆಲವೇ ಸೆಕೆಂಡು ಉಳಿದಿದ್ದಾಗ ಅವರ ಹುಡುಗಿಯೊಬ್ಬಳು ಸಿಂಚನಳ ಕೈಗೆ ಹೊಡೆದಳು. ರೆಫರಿ ಸೀಟಿ ಊದಿದರು. ಎರಡು ಫ್ರೀ ಥ್ರೋ.

ಗಲಾಟೆ ನಿಂತುಹೋಯಿತು. ಗೆರೆಯ ಹಿಂದೆ ಒಬ್ಬಳೇ ಸಿಂಚನ. ಎದುರು ಯಾರೂ ತಡೆಯುವವರಿಲ್ಲ. ಅವಳು ಚೆಂಡು ಹಿಡಿದು ನನ್ನ ಕಡೆ ತಿರುಗಿದಳು.

ನನ್ನ ಬಾಯಿಗೆ 'ಮೊಣಕೈ' ಅನ್ನುವ ಮಾತು ಬಂದಿತ್ತು. ನಿಜ ಹೇಳುತ್ತಿದ್ದೇನೆ. ಇಷ್ಟೆಲ್ಲ ಆದ ಮೇಲೂ ಬಂದಿತ್ತು. ಹಲ್ಲು ಕಚ್ಚಿ ತಡೆದುಕೊಂಡೆ. ಹಿಂದಿನಿಂದ ಜಯಮ್ಮನ ದನಿ ಇಡೀ ಮೈದಾನಕ್ಕೆ ಕೇಳುವ ಹಾಗೆ ಬಂತು:

"ಮೇಷ್ಟ್ರ ಮಕ ಏನ್ ನೋಡೀಯೆ? ಅಟ್ಟ ನೋಡೇ!"

ಸಿಂಚನ ತಿರುಗಿದಳು. ಭುಜ ಅಡ್ಡ ಮಾಡಿದಳು. ಚೆಂಡು ಸೊಂಟದಿಂದ ಎದ್ದು, ಎತ್ತರಕ್ಕೆ ಹೋಗಿ, ನೆಟ್ಟಗೆ ಇಳಿಯಿತು. ಸಮ. ಎರಡನೆಯದೂ ಹಾಗೇ ಎದ್ದಿತು, ಹಾಗೇ ಇಳಿಯಿತು, ರಿಂಗಿನ ಹಿಂದಿನ ಕಬ್ಬಿಣಕ್ಕೆ ಬಡಿದು ಎರಡು ಸುತ್ತು ಸುತ್ತಿ ಹೊರಗೆ ಬಿತ್ತು.

ಹೆಚ್ಚುವರಿ ಐದು ನಿಮಿಷ ಆಡಿಸಿದರು. ನಾವು ಎರಡು ಪಾಯಿಂಟಿನಿಂದ ಸೋತೆವು. ಆ ಐದು ನಿಮಿಷದಲ್ಲಿ ಸಿಂಚನ ಇಬ್ಬರ ನಡುವಿನಿಂದ ಮೂರು ಸಲ ಹಾಕಿದ್ದಳು. ನಮ್ಮ ಹುಡುಗಿಯರು ಅತ್ತರು. ಕನ್ನಡಕದ ಹುಡುಗಿ ಬಂದು ಸಿಂಚನಳ ಕೈ ಕುಲುಕಿ, "ನಂಗೂ ಹೇಳ್ಕೊಡೇ ಅದನ್ನ" ಅಂದದ್ದನ್ನು ನಾನು ಕಿವಿಯಾರೆ ಕೇಳಿದೆ.

ಸಾಯಂಕಾಲ ಆಯ್ಕೆಗಾರರೊಬ್ಬರು ಜಿಲ್ಲಾ ತಂಡದ ಪಟ್ಟಿ ಹಿಡಿದು ಬಂದರು. ಹಿರಿಯರು, ತಲೆಗೆ ಬಿಳಿ ಟೋಪಿ. ಸಿಂಚನ ನೆಲದ ಮೇಲೆ ಕೂತು ತಾಯಿಗೆ ಬಾಟಲಿಯಿಂದ ನೀರು ಕುಡಿಸುತ್ತಿದ್ದಳು.

"ಹುಡುಗಿ ಹೆಸರು ಹಾಕಿದೀವಿ," ಅಂದರು ನನಗೆ. "ಒಳ್ಳೇ ಆಟ. ಆದ್ರೆ ಆ ಶಾಟ್ ಒಂದು ತಿದ್ದಬೇಕು. ಕ್ಯಾಂಪಲ್ಲಿ ನಾವೇ ನೋಡ್ಕೋತೀವಿ ಬಿಡಿ."

ಎಲ್ಲಿಂದ ಶುರುಮಾಡಲಿ? ಅಟ್ಟದಿಂದಲೇ, ಆಸ್ಪತ್ರೆಯಿಂದಲೇ? ನಾನು ಉಗುಳು ನುಂಗಿ ಮಾತು ಹೊಂದಿಸಿಕೊಳ್ಳುವಷ್ಟರಲ್ಲಿ ಸಿಂಚನ ಎದ್ದು ನಿಂತಳು. ಬಾಟಲಿಯ ಮುಚ್ಚಳ ತಿರುಗಿಸುತ್ತಾ, ಅವರ ಮುಖ ನೋಡಿಯೇ ಹೇಳಿದಳು.

"ಸಾ, ಮೊದ್ಲು ಒಂದೆಲ್ಡ್ ದಿನ ಸುಮ್ಕೆ ನೋಡಿ ಸಾ. ನೋಡ್ಬುಟ್ಟು, ಆಮೇಕೆ ಏನ್ ತಿದ್ಬೇಕೋ ಯೋಳಿ."

ಟೋಪಿಯವರು ನನ್ನ ಕಡೆ ತಿರುಗಿದರು. "ಏನ್ ಸಾರ್, ಹಿಂಗ್ ಮಾತಾಡ್ತಾಳೆ?"

"ಹೌದು ಸಾರ್," ಅಂದೆ. "ಅದೊಂದನ್ನ ನಾನು ತಿದ್ದಲಿಲ್ಲ."